ಕರೆಂಟ್ ಕಂಪನಿಗೆ ಹೊಸ ಲೋಗೋ ಬೇಕಂತೆ

ವಿದ್ಯುತ್ ಸರಬರಾಜು ಸಂಸ್ಥೆಯವರು ಡಿಸೈನರನ್ನು ಕರೆದರೆ ಮೊದಲು ಲೋಗೋ ಕೇಳುತ್ತಾರೆ. ನಾನು ಮೊದಲು ಅವರ ಬಿಲ್ ಕೇಳುತ್ತೇನೆ. ಸೋಪಿನ ಹಾಗೆ ನಾಲ್ಕು ನೋಡಿ ಒಂದು ಆರಿಸಿಕೊಳ್ಳುವ ವಸ್ತು ಅಲ್ಲ ಕರೆಂಟ್. ಮನೆಗೆ ಬರುವ ತಂತಿ ಸಾಮಾನ್ಯವಾಗಿ ಒಂದೇ. ಹಾಗಾಗಿ ಲೋಗೋ ಯಾರನ್ನೂ ಸೆಳೆಯಬೇಕಾಗಿಲ್ಲ. ಗುರುತು ಸಿಕ್ಕರೆ, ನಂಬಿಕೆ ಬಂದರೆ ಸಾಕು. ಜನ ಸಂಸ್ಥೆಯನ್ನು ನೆನೆಸಿಕೊಳ್ಳುವುದು ಬಿಲ್ ಬಂದಾಗ, ಇಲ್ಲವೇ ಕರೆಂಟ್ ಹೋದಾಗ ತಾನೇ?

ಬಿಲ್ ಹಲವು ಸಲ ಸಣ್ಣ ಥರ್ಮಲ್ ಪ್ರಿಂಟರಿನಿಂದ ಬರುತ್ತದೆ. ಅಲ್ಲಿರುವುದು ಕಪ್ಪು ಒಂದೇ ಬಣ್ಣ. ಕಂಪ್ಯೂಟರಿನಲ್ಲಿ ಚೆಂದ ಕಾಣುವ, ಬಣ್ಣದಿಂದ ಬಣ್ಣಕ್ಕೆ ಕರಗುವ ಲೋಗೋ ಅಲ್ಲಿ ಮಸಿ ಮೆತ್ತಿದಂತಾಗುತ್ತದೆ. ಅದಕ್ಕೇ ಮೊದಲ ಕರಡು ಬರೀ ಕಪ್ಪಿನಲ್ಲಿ. ಅದೇ ಗುರುತು ಲೈನ್‌ಮನ್ ಅಂಗಿಯ ಕಸೂತಿಗೂ ಒಗ್ಗಬೇಕು, ತಗಡು ಕೊರೆದು ಕಂಬಕ್ಕೆ ಬಣ್ಣ ಬಳಿದರೂ ಕಾಣಬೇಕು.

ಜಾಸ್ತಿ ವಾದ ಆಗುವುದು ಮಿಂಚಿನ ಗೆರೆಯ ಬಗ್ಗೆ. ಎಲ್ಲರಿಗೂ ಅದೇ ಬೇಕು. ನಾನು ಬೇಡ ಎನ್ನುತ್ತೇನೆ. ಹಳದಿ ತ್ರಿಕೋನ, ಕಪ್ಪು ಅಂಚು, ಒಳಗೆ ಕಪ್ಪು ಮಿಂಚು: ಐಎಸ್‌ಒ 7010 ಎಂಬ ಸುರಕ್ಷತಾ ಚಿಹ್ನೆಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದು ವಿದ್ಯುತ್ ಅಪಾಯದ ಚಿಹ್ನೆ. ಅದನ್ನೇ ಹೋಲುವ ಗುರುತನ್ನು ವ್ಯಾನಿನ ಮೇಲೆ, ಕ್ಯಾಲೆಂಡರಿನಲ್ಲಿ, ಮಕ್ಕಳಿಗೆ ಹಂಚುವ ಪೆನ್ಸಿಲ್ ಮೇಲೆ ಹಾಕಿದರೆ ಕಣ್ಣಿಗೆ ಸಲುಗೆ ಬಂದುಬಿಡುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಬೇಲಿಯ ಮೇಲಿನ ಬೋರ್ಡು ಕಂಡು ಮಗು ಹಿಂದೆ ಸರಿಯುತ್ತದಾ? 'ಮಿಂಚು ಇಲ್ಲದಿದ್ದರೆ ಕರೆಂಟಿನವರು ಅಂತ ಹೇಗೆ ಗೊತ್ತಾಗಬೇಕು?' ಎಂದು ಕೇಳುತ್ತಾರೆ. ಹೆಸರಿನಲ್ಲೇ ಇದೆಯಲ್ಲ ಸ್ವಾಮಿ! ಕರೆಂಟ್ ಕಂಬ ನೋಡಿ ನೀರಿನ ಇಲಾಖೆ ಅಂದುಕೊಂಡವರನ್ನು ನಾನಂತೂ ಕಂಡಿಲ್ಲ.

1907ರಲ್ಲಿ ಜರ್ಮನಿಯ ಎಇಜಿ ಎಂಬ ವಿದ್ಯುತ್ ಉಪಕರಣಗಳ ಕಂಪನಿ ವಾಸ್ತುಶಿಲ್ಪಿ, ವಿನ್ಯಾಸಕಾರ ಪೀಟರ್ ಬೆಹ್ರೆನ್ಸ್ ಅವರನ್ನು ಕಲಾ ಸಲಹೆಗಾರರಾಗಿ ನೇಮಿಸಿತು. ಲೋಗೋ, ದೀಪ, ಕೆಟಲ್, ಜಾಹೀರಾತು, ಕೊನೆಗೆ ಕಾರ್ಖಾನೆ ಕಟ್ಟಡವೂ ಅವರ ಕೈಯಲ್ಲೇ ರೂಪುಗೊಂಡವು. ಇಂದಿನ ಸಂಸ್ಥೆಗಳು ಲೋಗೋ ಕೆಲಸ ಒಂದನ್ನೇ ನಮಗೆ ಕೊಟ್ಟು, ಬಿಲ್ ಲೆಕ್ಕಪತ್ರ ವಿಭಾಗದ್ದು, ಆ್ಯಪ್ ಇನ್ಯಾರದ್ದೋ ಎನ್ನುತ್ತವೆ. ಆಗ ಎಲ್ಲಕ್ಕೂ ಒಂದೇ ಮುಖ ಬರುವುದಾದರೂ ಹೇಗೆ?

ಬಣ್ಣದ ಮಾತು ಬೇಗ ಮುಗಿಸುತ್ತೇನೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರು ಇದ್ದಾರೆ. ಕರೆಂಟ್ ಹೋದ ಜಾಗದ ನಕ್ಷೆಯಲ್ಲಿ ಬಣ್ಣದ ಜೊತೆ ಆಕಾರವೂ ಬದಲಾಗಲಿ. ಪರದೆಯ ಮೇಲಿನ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢ ಬಣ್ಣಗಳ ಹೊಳಪಿನ ಅಂತರ, ಇರಲಿ.

ಹೊಸ ಗುರುತು ಜಾರಿಗೆ ತರುವಾಗ ಎಲ್ಲವನ್ನೂ ಒಂದೇ ದಿನ ಬದಲಿಸುವ ಹಟ ಬೇಡ. ವ್ಯಾನಿಗೆ ಮುಂದಿನ ಸಲ ಪೇಂಟ್ ಮಾಡಿಸುವಾಗ ಬದಲಿಸಿದರಾಯಿತು. ಗುರುತಿನ ಚೀಟಿ, ಬಿಲ್, ಹಣ ಕಟ್ಟುವ ಪುಟ ಮಾತ್ರ ಒಟ್ಟಿಗೆ ಬದಲಾಗಬೇಕು. 'ಈ ರಾತ್ರಿಯೇ ಕರೆಂಟ್ ಕಟ್' ಎಂದು ಹೆದರಿಸಿ ದುಡ್ಡು ಕೀಳುವ ವಂಚಕರಿಗೆ ಇಂಥ ಗೊಂದಲದ ಹೊತ್ತೇ ಬೇಕು. ಬದಲಾವಣೆ ಬರುತ್ತಿದೆ ಎಂದು ಹಳೆಯ ಬಿಲ್ಲಿನಲ್ಲೇ ಮೊದಲು ಅಚ್ಚು ಹಾಕಿಸಿ. ಸಹಾಯವಾಣಿ ನಂಬರನ್ನಂತೂ ಮುಟ್ಟಬೇಡಿ. ಅದು ಎಷ್ಟೋ ಮನೆಗಳ ಮೀಟರ್ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತದೆ.