ಮನೆಯಲ್ಲಿ ಪೋರ್ಚುಗೀಸ್, ಪುಸ್ತಕದಲ್ಲಿ ಜರ್ಮನ್: ಲಕ್ಸೆಂಬರ್ಗ್ ಶಾಲೆಗಳ ಕಥೆ

24 ಅನ್ನು ನಾವು ಇಪ್ಪತ್ನಾಲ್ಕು ಅಂತೀವಿ. ಮೊದಲು ಇಪ್ಪತ್ತು, ಆಮೇಲೆ ನಾಲ್ಕು. ಪೋರ್ಚುಗೀಸ್‌ನಲ್ಲೂ ಹಾಗೆಯೇ. ಜರ್ಮನ್‌ನಲ್ಲಿ ಉಲ್ಟಾ: 'ನಾಲ್ಕು ಮತ್ತು ಇಪ್ಪತ್ತು'. ಮನೆಯಲ್ಲಿ ಪೋರ್ಚುಗೀಸ್ ಮಾತಾಡುವ ಮಗು ಲಕ್ಸೆಂಬರ್ಗ್‌ನ ಶಾಲೆಯಲ್ಲಿ ಇದನ್ನು ಕೇಳಿ 42 ಅಂತ ಬರೆದರೆ, ಅದಕ್ಕೆ ಲೆಕ್ಕ ಬರಲ್ಲ ಅನ್ನೋಕಾಗುತ್ತಾ? ಕಿವಿಗೆ ಬಿದ್ದ ಕ್ರಮದಲ್ಲೇ ಅದು ಬರೆದಿದೆ.

ಯುರೋಪಿನ ಈ ಪುಟ್ಟ ದೇಶದಲ್ಲಿ ಭಾಷೆಗಳು ಒಂದರ ಮೇಲೊಂದು ಬಂದು ಕೂತಿವೆ. 1843ರ ಕಾನೂನು ಪ್ರಾಥಮಿಕ ಶಾಲೆಗೆ ಜರ್ಮನ್ ಜೊತೆ ಫ್ರೆಂಚ್ ತಂದಿತು. 1912ರಲ್ಲಿ ಅಲ್ಲಿನವರ ಮನೆಮಾತಾದ ಲಕ್ಸೆಂಬರ್ಗಿಶ್ ಸೇರಿತು. ಶಿಶುವಿಹಾರದಲ್ಲಿ ಮಾತು ಲಕ್ಸೆಂಬರ್ಗಿಶ್, ಒಂದನೇ ತರಗತಿಯಲ್ಲಿ ಅಕ್ಷರ ಕಲಿಯುವುದು ಮೊದಲಿನಿಂದಲೂ ಜರ್ಮನ್‌ನಲ್ಲಿ, ಆಮೇಲೆ ಫ್ರೆಂಚ್. ಪ್ರೌಢಶಾಲೆಗೆ ಹೋದರೆ ಗಣಿತವೂ ಫ್ರೆಂಚ್‌ಗೆ ತಿರುಗುತ್ತದೆ. ಫ್ರೆಂಚ್‌ನಲ್ಲಿ 94 ಅಂದರೆ 'ನಾಲ್ಕು ಇಪ್ಪತ್ತು ಹದಿನಾಲ್ಕು', ಅಂದರೆ ನಾಲ್ಕು ಇಪ್ಪತ್ತುಗಳು, ಮೇಲೆ ಹದಿನಾಲ್ಕು!

ಲಕ್ಸೆಂಬರ್ಗಿಶ್ ಮಾತಾಡುವ ಮನೆಯ ಮಕ್ಕಳಿಗೆ ಜರ್ಮನ್ ನೆಂಟರ ಭಾಷೆಯ ಹಾಗೆ. ಈ ವ್ಯವಸ್ಥೆ ಕಟ್ಟಿದ್ದೇ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಹೊರಗಿನವರೂ ಬಂದರು. ಉಕ್ಕಿನ ಕಾರ್ಖಾನೆಗಳಿಗೆ ಇಟಲಿಯವರು ಬಂದರು. 1970ರಲ್ಲಿ ಪೋರ್ಚುಗಲ್ ಜೊತೆ ಕೂಲಿಕಾರರ ಒಪ್ಪಂದವಾಯಿತು. ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಸಾವಿರಾರು ಜನ ಬಂದರು, ಸಂಸಾರವನ್ನೂ ಕರೆಸಿಕೊಂಡರು. ಇವತ್ತು ಅಲ್ಲಿನ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿದೇಶಿಯರು. ಅವರಲ್ಲಿ ಪೋರ್ಚುಗೀಸರೇ ಜಾಸ್ತಿ. ಶಾಲೆ ಮಾತ್ರ ಹಳೇ ದಾರಿಯಲ್ಲೇ ನಡೆಯಿತು.

ಹನ್ನೆರಡು ವಯಸ್ಸಿನ ಆಸುಪಾಸಿನಲ್ಲಿ ಮಕ್ಕಳನ್ನು ಬೇರೆ ಬೇರೆ ಪ್ರೌಢಶಾಲೆಗಳಿಗೆ ವಿಂಗಡಿಸುತ್ತಾರೆ. ನನಗೆ ತುಂಬಾ ನೋವಾಗುವುದು ಇಲ್ಲೇ. ವಿಶ್ವವಿದ್ಯಾಲಯಕ್ಕೆ ನೇರ ದಾರಿಯಾದ 'ಕ್ಲಾಸಿಕಲ್' ಶಾಲೆಗಳಲ್ಲಿ ಪೋರ್ಚುಗೀಸ್ ಮಕ್ಕಳು ಮೊದಲಿನಿಂದಲೂ ಕಡಿಮೆ. ಮನೆಯ ಬಡತನವೂ ಇದಕ್ಕೆ ಕಾರಣ, ನಿಜ. ಆದರೆ ಜರ್ಮನ್ ಸರಿಯಾಗಿ ಬಾರದೆ ಲೆಕ್ಕದ ಪ್ರಶ್ನೆಯೇ ಅರ್ಥವಾಗದಿದ್ದರೆ, ಜಾಣ ಮಗುವೂ ಹಿಂದೆ ಬೀಳುತ್ತದೆ ಅಲ್ವಾ? ಹದಿನೈದು ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯಲ್ಲಿ, 2018ರಲ್ಲಿ ಓದಿನ ವಿಭಾಗದಲ್ಲಿ ದೇಶಕ್ಕೆ ಸಿಕ್ಕಿದ್ದು 470 ಅಂಕ. ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಸರಾಸರಿ 487.

ಬದಲಾವಣೆ ತಡವಾಗಿ ಬಂತು. 2016ರಲ್ಲಿ ಅಲ್ಲಿನ ಡಿಫರ್ಡಾಂಜ್ ಊರಿನಲ್ಲಿ ಶುಲ್ಕವಿಲ್ಲದ ಸರ್ಕಾರಿ ಅಂತರರಾಷ್ಟ್ರೀಯ ಶಾಲೆ ತೆರೆಯಿತು. ಕಲಿಕೆಯ ಮುಖ್ಯ ಭಾಷೆಯನ್ನು ಅಲ್ಲಿ ಆರಿಸಿಕೊಳ್ಳಬಹುದು. 2022ರಲ್ಲಿ ನಾಲ್ಕು ಶಾಲೆಗಳಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಮೊದಲ ಅಕ್ಷರ ಜರ್ಮನ್‌ನಲ್ಲೋ ಫ್ರೆಂಚ್‌ನಲ್ಲೋ ಅನ್ನುವುದನ್ನು ಅಪ್ಪ ಅಮ್ಮನೇ ಆರಿಸಬಹುದು. ಹಾಗೆ ಮಾಡಿದರೆ ಮಕ್ಕಳೇ ಎರಡು ಗುಂಪಾಗಿಬಿಡುತ್ತಾರೆ ಅನ್ನುವ ಭಯ ಹಲವರಿಗಿತ್ತು. ಅದಕ್ಕೇ ಕೆಲವು ಪಾಠಗಳಿಗೆ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ಆಗ ತರಗತಿಯ ಮಾತು ಲಕ್ಸೆಂಬರ್ಗಿಶ್.