ಗರ್ಭ ನಿಲ್ಲದವರಿಗೆ ಹೆಪಾರಿನ್ ಸೂಜಿ: ಅದು ಬಂದ ದಾರಿ

ಎರಡು ಸಲ ಗರ್ಭ ಇಳಿದುಹೋದವರು ಮತ್ತೆ ಬಸುರಿಯಾದರೆ, ಈಗ ಹಲವರಿಗೆ ಮಾತ್ರೆ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೂಜಿಯೂ ಶುರುವಾಗುತ್ತದೆ. ಹೊಕ್ಕಳಿನಿಂದ ಎರಡು ಇಂಚು ದೂರ, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ನೇರ ಚುಚ್ಚಬೇಕು. ನಿಧಾನವಾಗಿ ಔಷಧಿ ಬಿಟ್ಟು, ಉಜ್ಜದೆ ಕೈ ತೆಗೆಯಬೇಕು. ಉಜ್ಜಿದರೆ ನೀಲಿಗಟ್ಟುತ್ತದೆ, ಉಜ್ಜದಿದ್ದರೂ ಒಮ್ಮೊಮ್ಮೆ ಕಟ್ಟುತ್ತದೆ. ಹೀಗೆ ತಿಂಗಳುಗಟ್ಟಲೆ, ದಿನಾ. ಜಗಳೂರು, ಹೊಳಲ್ಕೆರೆ ಕಡೆಯಿಂದ ದಾವಣಗೆರೆಗೆ ತೋರಿಸಲು ಬರುವ ಮನೆಗಳಿಗೆ ಇದು ಸಣ್ಣ ಖರ್ಚಲ್ಲ. "ರಕ್ತ ಗಟ್ಟಿ ಇದೆಯಂತೆ, ತವರಿನ ಕಡೆಯಿಂದ ಬಂದಿದ್ದಂತೆ" ಅನ್ನುವ ಮಾತು ಖರ್ಚಿಗಿಂತ ಜಾಸ್ತಿ ನೋಯಿಸುತ್ತದೆ.

ರಕ್ತ ಬೇಗ ಹೆಪ್ಪುಗಟ್ಟುವ ಗುಣ ವಂಶದಲ್ಲಿ ಬರಬಹುದು ಅಂತ ಗೊತ್ತಾದದ್ದು 1965ರಲ್ಲಿ, ನಾರ್ವೆಯ ಒಂದು ಕುಟುಂಬದಿಂದ. ಹೆಪ್ಪುಗಟ್ಟುವುದಕ್ಕೆ ಕಡಿವಾಣ ಹಾಕುವ ಆಂಟಿಥ್ರಾಂಬಿನ್ ಅವರಲ್ಲಿ ಕಡಿಮೆ ಇತ್ತು. 1980ರ ದಶಕದಲ್ಲಿ ಅಂಥದ್ದೇ ಕಡಿವಾಣದ ಕೆಲಸ ಮಾಡುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಕೊರತೆಗಳು ಪಟ್ಟಿ ಸೇರಿದವು. 1994ರಲ್ಲಿ ಫ್ಯಾಕ್ಟರ್ 5 ಲೈಡನ್ ಅನ್ನುವ ಜೀನ್ ಬದಲಾವಣೆ ಬಂತು. ಯುರೋಪಿನವರಲ್ಲಿ ನೂರಕ್ಕೆ ಸುಮಾರು ಐವರಿಗೆ ಇರುವ ಇದು ನಮ್ಮಲ್ಲಿ ಅಪರೂಪ. ಇವೆಲ್ಲ ಸಿಕ್ಕಿದ್ದು ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಟ್ಟಿದವರನ್ನು ಪರೀಕ್ಷಿಸುವಾಗ.

ಗರ್ಭದ ಮಾತು ಆಮೇಲೆ ಸೇರಿಕೊಂಡಿತು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅಂತ ಒಂದಿದೆ, ಅದರಲ್ಲೂ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಗರ್ಭವೂ ಹೋಗಬಹುದು. ಅದು ವಂಶದಲ್ಲಿ ಬರುವುದಲ್ಲ, ನಮ್ಮ ದೇಹವೇ ತಯಾರಿಸುವ ಪ್ರತಿಕಾಯಗಳಿಂದ ಬರುತ್ತದೆ. 1997ರ ಲಂಡನ್ ಅಧ್ಯಯನದಲ್ಲಿ ಇಂಥವರಿಗೆ ಬರೀ ಆಸ್ಪಿರಿನ್ ಕೊಟ್ಟಾಗ ನೂರಕ್ಕೆ 42 ಮಂದಿಗೆ ಮಗು ಉಳಿಯಿತು. ಹೆಪಾರಿನ್ ಸೇರಿಸಿದಾಗ 71 ಮಂದಿಗೆ. ಎರಡು ವರ್ಷದ ನಂತರ ಇಸ್ರೇಲಿನ ವೈದ್ಯರು ತೊಂದರೆಯ ಬಸಿರು ಕಂಡ 110 ಹೆಂಗಸರನ್ನು ಪರೀಕ್ಷಿಸಿದರು. ಬಿಪಿ ವಿಪರೀತ ಏರಿದವರು, ಮಾಸು ಮೊದಲೇ ಕಳಚಿದವರು, ಹೊಟ್ಟೆಯಲ್ಲೇ ಮಗು ಕಳೆದುಕೊಂಡವರು ಅದರಲ್ಲಿದ್ದರು. ನೂರಕ್ಕೆ 52 ಮಂದಿಯಲ್ಲಿ ಹೆಪ್ಪುಗಟ್ಟುವಿಕೆಗೆ ಸಂಬಂಧಪಟ್ಟ ವಂಶದ ಬದಲಾವಣೆ ಸಿಕ್ಕಿತು. ಸಲೀಸಾಗಿ ಹೆತ್ತವರಲ್ಲಿ ಅದು 17. ಮಾಸಿನ ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ, ಅದಕ್ಕೇ ಹೀಗಾಗುತ್ತದೆ ಅನ್ನುವ ವಿವರಣೆ ಹಲವರಿಗೆ ಒಪ್ಪಿಗೆಯಾಯಿತು. ಆಂಟಿಫಾಸ್ಫೋಲಿಪಿಡ್ ಇರುವವರಲ್ಲಿ ಕೆಲಸ ಮಾಡಿದ ಸೂಜಿ ವಂಶದ ದೋಷ ಇರುವವರಲ್ಲೂ ಮಾಡಬೇಕಲ್ವಾ?

ಆದರೆ ಬಸಿರಿನ ಶುರುವಿನಿಂದಲೇ ಹೆಂಗಸರನ್ನು ಗಮನಿಸುತ್ತಾ ಹೋದ ಅಧ್ಯಯನಗಳಲ್ಲಿ ಈ ನಂಟು ತೀರಾ ಸಡಿಲ ಅಂತ ಕಂಡಿತು. 2023ರಲ್ಲಿ ಗಟ್ಟಿ ಉತ್ತರ ಬಂತು. ಎರಡು ಅಥವಾ ಹೆಚ್ಚು ಸಲ ಗರ್ಭ ಹೋಗಿದ್ದ, ವಂಶದ ದೋಷವೂ ಇದ್ದ 326 ಹೆಂಗಸರ ಮೇಲಿನ ಅಧ್ಯಯನ ಅದು. ಹೆಪಾರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 72 ಮಂದಿಗೆ ಮಗುವಾಯಿತು. ತೆಗೆದುಕೊಳ್ಳದವರಲ್ಲಿ 71 ಮಂದಿಗೆ. ಈ 71 ಅನ್ನುವ ಅಂಕಿ ಪ್ರತಿ ಮನೆಗೂ ಮುಟ್ಟಬೇಕು ಅಂತ ನನ್ನ ಆಸೆ. ಎರಡು ಸಲ ಕಳೆದುಕೊಂಡವರಲ್ಲೂ ಹೆಚ್ಚಿನವರು ಸೂಜಿಯಿಲ್ಲದೆ ತಾಯಿಯಾಗಿದ್ದಾರೆ.

ರಿಪೋರ್ಟಿನ ವಿಷಯವೂ ಹೇಳಬೇಕು. ಬಸಿರಿನಲ್ಲಿ ಪ್ರೋಟೀನ್ ಎಸ್ ಸಹಜವಾಗಿಯೇ ಇಳಿಯುತ್ತದೆ. ಆಗ ಪರೀಕ್ಷೆ ಮಾಡಿಸಿ "ಕೊರತೆ ಇದೆ" ಅಂತ ಹಣೆಪಟ್ಟಿ ಹಚ್ಚಿದರೆ ಅದು ಸುಮ್ನೆ ಹೆದರಿಸಿದ ಹಾಗೆ. ಆದರೆ ಹಿಂದೆ ಕಾಲಿನಲ್ಲಿ ಹೆಪ್ಪು ಕಟ್ಟಿದವರಿಗೆ, ಆಂಟಿಥ್ರಾಂಬಿನ್ ಕೊರತೆ ಇರುವವರಿಗೆ, ಆಂಟಿಫಾಸ್ಫೋಲಿಪಿಡ್ ಇರುವವರಿಗೆ ಹೆಪಾರಿನ್ ಜೀವ ಉಳಿಸುವ ಔಷಧಿ. ಇದನ್ನು ಓದಿ ಯಾರೂ ತಾವಾಗಿ ನಿಲ್ಲಿಸಬೇಡಿ, ಯಾಕೆ ಕೊಡುತ್ತಿದ್ದೀರಿ ಅಂತ ವೈದ್ಯರನ್ನು ಕೇಳಿ.

ನಮ್ಮ ಕಡೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವುದು ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಿಗೆ ಹೊಸದಲ್ಲ. ಒಳಸಂಬಂಧದ ಮನೆಗಳಲ್ಲಿ ಫ್ಯಾಕ್ಟರ್ 13, ಅಂದರೆ ಕಟ್ಟಿದ ಹೆಪ್ಪನ್ನು ಗಟ್ಟಿ ಮಾಡುವ ರಕ್ತದ ಅಂಶ, ಅದರ ಕೊರತೆ ಬರುವ ಸಾಧ್ಯತೆ ಜಾಸ್ತಿ. ತೀರಾ ಅಪರೂಪದ ಕಾಯಿಲೆ, ಸುಮಾರು 20 ಲಕ್ಷಕ್ಕೆ ಒಬ್ಬರಿಗೆ. ಇದರಲ್ಲಿ ಹೆಪ್ಪು ಕಟ್ಟುತ್ತದೆ, ಆದರೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಈ ಕೊರತೆ ಇರುವವರಲ್ಲಿ ಮತ್ತೆ ಮತ್ತೆ ಗರ್ಭ ಹೋಗುವುದಕ್ಕೆ ಇದು ನಿಜವಾದ ಕಾರಣ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ ಮಾಮೂಲಿ ಪಿಟಿ, ಎಪಿಟಿಟಿ ಪರೀಕ್ಷೆಯಲ್ಲಿ ಎಲ್ಲ ಸರಿ ಅಂತಲೇ ಬರುತ್ತದೆ. ಹೆಪ್ಪನ್ನು ಯೂರಿಯಾ ದ್ರಾವಣದಲ್ಲಿ ಇಟ್ಟು ನೋಡಬೇಕು. ಫ್ಯಾಕ್ಟರ್ 13 ಇಲ್ಲದಿದ್ದರೆ ಅದು ಕರಗಿಹೋಗುತ್ತದೆ. ಸುಳಿವು ಬಾಲ್ಯದಲ್ಲೇ ಇರುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಹೊಕ್ಕಳು ಬಳ್ಳಿಯಿಂದ ರಕ್ತ ಸೋರಿ ನಿಲ್ಲದೇ ಇದ್ದದ್ದು ಅಜ್ಜಿಗೋ ತಾಯಿಗೋ ನೆನಪಿರುತ್ತದೆ. ಇಂಥವರಿಗೆ ಹೆಪಾರಿನ್ ಕೊಟ್ಟರೆ ಅಪಾಯ. ಬೇಕಾಗಿರುವುದು ಫ್ಯಾಕ್ಟರ್ 13, ಅದು ದಾನದ ರಕ್ತದಿಂದ ಬೇರ್ಪಡಿಸುವ, ಬ್ಲಡ್ ಬ್ಯಾಂಕಿನ ಕ್ರಯೋಪ್ರೆಸಿಪಿಟೇಟ್‌ನಲ್ಲೂ ಇರುತ್ತದೆ. ರಕ್ತಸ್ರಾವದ ಕಾಯಿಲೆಗಳಿಗಾಗಿ ಡಾ. ಸುರೇಶ್ ಹನಗವಾಡಿ ಅವರು ಕಟ್ಟಿ ಬೆಳೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಲ್ಲೇ ಇದೆ. ಮನೆಯಲ್ಲಿ ಹೊಕ್ಕಳು ಸೋರಿದ ಕಥೆ ಇದ್ದರೆ, ಮುಂದಿನ ಬಸಿರಿಗೆ ಮೊದಲೇ ಅಲ್ಲಿ ವಿಚಾರಿಸಬಹುದು.