ದೊಡ್ಡ ಟೈರ್ ಹಾಕಿಸಿದ್ದೀರಾ? ಸ್ಪೀಡೋಮೀಟರ್ ಮುಳ್ಳು ಬಿಡಿ, ಓಡೋಮೀಟರ್ ನೋಡಿ

"ಟೈರ್ ಬದಲಿಸಿದ ಮೇಲೆ ಗಾಡಿ ಮೈಲೇಜೇ ಕೊಡ್ತಿಲ್ಲ ಸಾರ್." ಸಕಲೇಶಪುರ, ಮೂಡಿಗೆರೆ ಕಡೆಯಿಂದ ನಮ್ಮ ಗ್ಯಾರೇಜಿಗೆ ಬರುವ ಥಾರ್, ಬೊಲೆರೊ ಮಾಲೀಕರ ಮೊದಲ ದೂರು ಇದೇ. ತೋಟದ ದಾರಿ, ಮಳೆಗಾಲದ ಕೆಸರು, ಕಲ್ಲು ಎಲ್ಲ ಇರುವಾಗ ದೊಡ್ಡ ಟೈರ್ ಬೇಕು ಅನ್ನಿಸುವುದು ಸಹಜ. ಆದರೆ ಈ ದೂರಿನ ದೊಡ್ಡ ಪಾಲು ಎಂಜಿನ್ನಿನದಲ್ಲ, ಮೀಟರಿನದು.

ಗಾಡಿ ಎಷ್ಟು ದೂರ ಹೋಯಿತು ಅನ್ನುವುದು ಓಡೋಮೀಟರಿಗೆ, ಅಂದರೆ ಓಡಿದ ಕಿ.ಮೀ. ತೋರಿಸುವ ಮೀಟರಿಗೆ, ನೇರವಾಗಿ ಗೊತ್ತಾಗುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಎಂದಷ್ಟೇ ಅದು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಮೊದಲೇ ಲೆಕ್ಕ ಕೊಟ್ಟಿರುತ್ತಾರೆ. ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೀರಿ. ಮೀಟರ್ ಮಾತ್ರ ಹಳೆ ಲೆಕ್ಕದಲ್ಲೇ ಇರುತ್ತದೆ.

2020ರ ಥಾರ್ ಎಎಕ್ಸ್ ಮಾದರಿಗೆ ಕಂಪನಿ ಕೊಟ್ಟಿದ್ದು 245/75 ಆರ್ 16. ಇದರ ಎತ್ತರ ಲೆಕ್ಕ ಹಾಕುವುದು ಸುಲಭ. ಅಗಲ 245 ಮಿ.ಮೀ., ಅದರ ಶೇ 75 ಅಂದರೆ ಸುಮಾರು 184 ಮಿ.ಮೀ. ಪಕ್ಕದ ಗೋಡೆ. ಅದು ಮೇಲೊಂದು, ಕೆಳಗೊಂದು. ನಡುವೆ 16 ಇಂಚಿನ ರಿಮ್, ಅಂದರೆ 406 ಮಿ.ಮೀ. ಎಲ್ಲ ಸೇರಿ 774 ಮಿ.ಮೀ. ನಮ್ಮವರು '33 ಇಂಚ್' ಅನ್ನುವ 285/75 ಆರ್ 16 ಟೈರಿಗೆ ಇದೇ ಲೆಕ್ಕ ಹಾಕಿದರೆ 834 ಮಿ.ಮೀ. ಬರುತ್ತದೆ. ವ್ಯತ್ಯಾಸ ಶೇ 7.75. ಗಾಡಿ ಎತ್ತರಿಸದೆ 265/75 ಹಾಕಿಸಿದರೂ ಶೇ 3.9 ವ್ಯತ್ಯಾಸ ಇದ್ದೇ ಇರುತ್ತದೆ. ಬೊಲೆರೊದಲ್ಲಿ 215/75 ಆರ್ 15 ತೆಗೆದು 235/75 ಹಾಕಿದರೆ ಶೇ 4.3ರ ಹತ್ತಿರ.

ಈಗ ಮೈಲೇಜ್ ದೂರಿಗೆ ಬರೋಣ. ಮೊದಲು ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿಗೆ 33 ಇಂಚ್ ಹಾಕಿಸಿದಿರಿ ಅಂತಿಟ್ಟುಕೊಳ್ಳಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಿರಿ. 40 ಲೀಟರ್ ಹಿಡಿಯಿತು, ಮೀಟರಿನಲ್ಲಿ 430 ಕಿ.ಮೀ. ಇದೆ. ಭಾಗಿಸಿದರೆ 10.75. "ಒಂದೂಕಾಲು ಕಿ.ಮೀ. ಹೋಯ್ತು" ಅಂತ ಎದೆ ಧಸಕ್ ಅನ್ನುತ್ತದೆ ಅಲ್ವಾ? ಆದರೆ ಗಾಡಿ ನಿಜಕ್ಕೂ ಓಡಿದ್ದು 430ನ್ನು 1.0775ರಿಂದ ಗುಣಿಸಿದಷ್ಟು, ಅಂದರೆ 463 ಕಿ.ಮೀ. ನಿಜವಾದ ಮೈಲೇಜ್ 11.6ರ ಹತ್ತಿರ. ಟೈರಿನ ತೂಕಕ್ಕೆ, ದಪ್ಪ ಗುಬ್ಬಿಗೆ (ನೆಲ ಕಚ್ಚುವ ರಬ್ಬರ್ ಉಬ್ಬುಗಳಿಗೆ) ಸ್ವಲ್ಪ ಡೀಸೆಲ್ ಹೋಗಿದ್ದು ನಿಜ. ಉಳಿದದ್ದು ಲೆಕ್ಕದ ತಪ್ಪು. ಇದು ಗೊತ್ತಿಲ್ಲದೆ ಇಂಜೆಕ್ಟರ್ ಬಿಚ್ಚಿಸಿ ಸುಮ್ನೆ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಬೇಜಾರಾಗುತ್ತದೆ.

ಇನ್ನು ನನ್ನ ಮುಖ್ಯ ಮಾತು. ಮೀಟರ್ ಸರಿ ಮಾಡಿಸಲು ಹೊರಟವರು ಮಾಡುವ ಮೊದಲ ಕೆಲಸ ಫೋನಿನಲ್ಲಿ ಜಿಪಿಎಸ್ ಹಾಕಿ, ಸ್ಪೀಡೋಮೀಟರ್ ಮುಳ್ಳಿನ ಜೊತೆ ಹೋಲಿಸುವುದು. "ಮೀಟರ್ 80, ಫೋನ್ 82. ಎರಡೇ ಕಿ.ಮೀ. ವ್ಯತ್ಯಾಸ, ಅಷ್ಟು ಸರಿ ಮಾಡಿ ಕೊಡಿ ಸಾರ್" ಅನ್ನುತ್ತಾರೆ. ಹೀಗೆ ಮಾಡಬೇಡಿ. ಕಂಪನಿಯಿಂದ ಬರುವಾಗಲೇ ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸುವಂತೆ ಮಾಡಿರುತ್ತಾರೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ನಿಜ ವೇಗದ ಶೇ 10ರ ಮೇಲೆ ಇನ್ನು 4 ಕಿ.ಮೀ.ವರೆಗೂ. ಓಡೋಮೀಟರಿಗೆ ಈ ಹೆಚ್ಚುವರಿ ಸೇರಿಸಿರುವುದಿಲ್ಲ. ಅದು ಸಾಮಾನ್ಯವಾಗಿ ನಿಜ ದೂರಕ್ಕೆ ಹತ್ತಿರವೇ ಇರುತ್ತದೆ.

ಹಳೆ ಟೈರಿನಲ್ಲಿ ಮುಳ್ಳು 80 ಅಂದಾಗ ಗಾಡಿ ನಿಜಕ್ಕೂ 76ರಲ್ಲಿತ್ತು ಅನ್ನಿ. ದೊಡ್ಡ ಟೈರ್ ಬಂದು ಅದು 82 ಆಯಿತು. ನೀವು ಆ 2 ಕಿ.ಮೀ. ಮಾತ್ರ ಸರಿ ಮಾಡಿಸಿದರೆ ಮುಳ್ಳು ಫೋನಿಗೆ ಹೊಂದುತ್ತದೆ, ನಿಜ. ಆದರೆ ಓಡೋಮೀಟರ್ ಪ್ರತಿ 100 ಕಿ.ಮೀ.ಗೆ ಸುಮಾರು 5 ಕಿ.ಮೀ. ನುಂಗುತ್ತಲೇ ಇರುತ್ತದೆ. ಮೈಲೇಜ್, ಸರ್ವಿಸ್, ಬಾಡಿಗೆ ಎಲ್ಲ ಲೆಕ್ಕವೂ ನಿಂತಿರುವುದು ಅದರ ಮೇಲೆ. ಕಿ.ಮೀ. ಲೆಕ್ಕದಲ್ಲಿ ಬಾಡಿಗೆ ಹೊಡೆಯುವ ಪಿಕಪ್‌ಗೆ ಇದು ದಿನದಿನದ ನಷ್ಟ. ಆದ್ದರಿಂದ ಸರಿ ಮಾಡಬೇಕಾದ್ದು ದೂರದ ಲೆಕ್ಕವನ್ನು. ಅದು ಸರಿಯಾದರೆ ಮುಳ್ಳು ತಾನಾಗಿ ಕಂಪನಿ ಇಟ್ಟಿದ್ದ ಜಾಗಕ್ಕೆ ಬರುತ್ತದೆ.

ಅಳೆಯುವುದು ಹೇಗೆ? ಹಳೆ ಟೈರ್ ಬಿಚ್ಚುವ ಮುಂಚೆಯೇ ಶುರು ಮಾಡಿ. ಗಾಳಿ ಸರಿಯಾಗಿ ಹಿಡಿಸಿ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಟೈರ್ ನೆಲ ಮುಟ್ಟುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಸೀಟಿನಲ್ಲಿ ಕೂತಿರಲಿ. ಗೆರೆ ಮೂರು ಸಲ ನೆಲ ಮುಟ್ಟುವ ತನಕ ನೇರವಾಗಿ ತಳ್ಳಿ, ಟೇಪ್ ಹಿಡಿದು ಅಳೆದು, ಮೂರರಿಂದ ಭಾಗಿಸಿ. ಹೊಸ ಟೈರಿಗೂ ಹಾಗೇ ಮಾಡಿ. ಗಾಡಿಯ ಭಾರಕ್ಕೆ ಟೈರ್ ಕೆಳಗೆ ಅಮುಕಿರುತ್ತದೆ, ಹಾಗಾಗಿ ಪುಸ್ತಕದ ಲೆಕ್ಕಕ್ಕಿಂತ ಕಡಿಮೆಯೇ ಬರುತ್ತದೆ. ಗಾಬರಿ ಬೇಡ. ನಮಗೆ ಬೇಕಾದ್ದು ಎರಡರ ಅನುಪಾತ. ಸವೆದ ಟೈರ್ ಬಿಚ್ಚಿ ಹೊಸದು ಹಾಕಿದರೆ ವ್ಯತ್ಯಾಸ ಇನ್ನಷ್ಟು ದೊಡ್ಡದಾಗುತ್ತದೆ. ಗುಬ್ಬಿ 8 ಮಿ.ಮೀ.ನಿಂದ 1.6ಕ್ಕೆ ಇಳಿದರೆ ಅದೊಂದರಿಂದಲೇ ಶೇ 1.5ರಷ್ಟು ಕಡಿಮೆ.

ಆಮೇಲೆ ರಸ್ತೆಯಲ್ಲಿ ಖಾತ್ರಿ ಮಾಡಿಕೊಳ್ಳಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಇಪ್ಪತ್ತು ಮೂವತ್ತು ಕಿ.ಮೀ. ಓಡಿಸಿ, ಜಿಪಿಎಸ್ ದೂರದ ಜೊತೆ ಹೋಲಿಸಿ. ಚಾರ್ಮಾಡಿ, ಶಿರಾಡಿಯಂಥ ಘಾಟಿಯಲ್ಲಿ ಬೇಡ. ಮರದ ಕೆಳಗೆ ತಿರುವುಗಳಲ್ಲಿ ಫೋನ್ ದೂರ ತಪ್ಪುತ್ತದೆ. ಹಿರಿಯೂರು, ಚಿತ್ರದುರ್ಗದ ಕಡೆಯ ಬಯಲಿನ ನೇರ ಹೆದ್ದಾರಿ ಇದಕ್ಕೆ ಚೆನ್ನ.

ಸರಿ ಮಾಡುವ ದಾರಿ ಗಾಡಿಯ ವಯಸ್ಸಿನ ಮೇಲೆ ಹೋಗುತ್ತದೆ. ಕೇಬಲ್ ಮೀಟರ್ ಇರುವ ಹಳೆ ಜೀಪುಗಳಲ್ಲಿ ಮೀಟರ್ ಪಿನಿಯನ್ (ಕೇಬಲ್ ತಿರುಗಿಸುವ ಚಿಕ್ಕ ಹಲ್ಲಿನ ಚಕ್ರ) ಬದಲಿಸಿದರೆ ಸಾಕು. 20 ಹಲ್ಲಿನದಕ್ಕೆ 19 ಹಲ್ಲಿನದು ಹಾಕಿದರೆ ಮೀಟರ್ ಶೇ 5.3ರಷ್ಟು ಜೋರಾಗಿ ತಿರುಗುತ್ತದೆ. ಆಮೇಲಿನ ಕಾಲದ, ಗೇರ್ ಬಾಕ್ಸಿನಲ್ಲಿ ಸೆನ್ಸರ್ ಇರುವ ಗಾಡಿಗಳಿಗೆ ಸಿಗ್ನಲ್ ತಿದ್ದುವ ಚಿಕ್ಕ ಡಬ್ಬಿ ಸಿಗುತ್ತದೆ. ಈಗಿನ ಗಾಡಿಗಳಲ್ಲಿ ಚಕ್ರದ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರಿನಿಂದಲೇ ವೇಗದ ಲೆಕ್ಕ. ಟೈರ್ ಅಳತೆ ಕಂಪ್ಯೂಟರಿನೊಳಗೆ ಇರುತ್ತದೆ, ಅದನ್ನು ಸ್ಕ್ಯಾನರ್ ಹಾಕಿಯೇ ಬದಲಿಸಬೇಕು. ಕೆಲವು ಗಾಡಿಗಳು ಕಂಪನಿ ಒಪ್ಪಿದ ಅಳತೆ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳುವುದೇ ಇಲ್ಲ. ಟೈರಿಗೆ ದುಡ್ಡು ಕೊಡುವ ಮುಂಚೆ ಇದನ್ನು ಕೇಳಿಕೊಳ್ಳಿ. ಯಾರಾದರೂ ಎಬಿಎಸ್ ವೈರ್ ಕತ್ತರಿಸಿ ಡಬ್ಬಿ ಸೇರಿಸುತ್ತೇನೆ ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಬ್ರೇಕಿನ ವಿಷಯದಲ್ಲಿ ಆಟ ಬೇಡ. ಬದಲಿಸಲು ಆಗದೇ ಇದ್ದರೆ ಅನುಪಾತವನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಗುಣಿಸಿಕೊಳ್ಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

2019ರ ಜುಲೈ ನಂತರದ ಕಾರುಗಳಲ್ಲಿ 80 ದಾಟಿದರೆ ಬೀಪ್ ಬರುತ್ತದೆ, 120 ದಾಟಿದರೆ ಬಿಡದೆ ಕೂಗುತ್ತದೆ. ದೊಡ್ಡ ಟೈರ್ ಹಾಕಿದರೆ ಅದೂ ತಡವಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗೆ ನಿಮ್ಮ ಮೀಟರ್ ಏನು ಹೇಳಿತು ಅನ್ನುವುದು ಬೇಕಿಲ್ಲ. ವೇಗ ನಿಯಂತ್ರಕ ಇರುವ ಲಾರಿಗೂ ಇದೇ ಕಥೆ. 9.00-20 ತೆಗೆದು 10.00-20 ಹಾಕಿದರೆ ಶೇ 3ಕ್ಕೂ ಜಾಸ್ತಿ ವ್ಯತ್ಯಾಸ. 80ಕ್ಕೆ ಕಟ್ಟಿದ್ದ ವೇಗ 82 ದಾಟುತ್ತದೆ. ಕಂಪನಿ ಹೇಳದ ಅಳತೆಯ ಟೈರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ತಕರಾರು ಬರಬಹುದು ಅನ್ನುವುದೂ ತಲೆಯಲ್ಲಿರಲಿ.

ಈಗಾಗಲೇ ಓಡಿದ ಕಿ.ಮೀ. ಅಂಕಿಯನ್ನು ಮಾತ್ರ ಯಾರಿಂದಲೂ ತಿದ್ದಿಸಬೇಡಿ. ಮುಂದೆ ಗಾಡಿ ಮಾರುವಾಗ ಅದು ಮೋಸವಾಗಿ ಕಾಣುತ್ತದೆ. ಟೈರ್ ಬದಲಿಸಿದ ದಿನದ ಅಂಕಿ, ಅನುಪಾತ, ಮೀಟರ್ ಸರಿ ಮಾಡಿದ ದಿನದ ಅಂಕಿ, ಇಷ್ಟನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿ. ಸರಿ ಮಾಡಿಸಿಲ್ಲ ಅಂದರೆ 33 ಇಂಚ್ ಟೈರಿನಲ್ಲಿ ಮೀಟರಿನ 10,000 ಅಂದರೆ ನಿಜಕ್ಕೂ 10,775. ಆಯಿಲ್ ಬದಲಿಸಲು ಮೀಟರ್ 9,300ರ ಹತ್ತಿರ ಬಂದಾಗಲೇ ಗ್ಯಾರೇಜಿಗೆ ಬನ್ನಿ.